ಲೋಟ ‘ಕೆಳಗಿಡೋದು’ ಹೇಗೆ? ‘ತೇಲು’ ಸರಿಯೇ?

ಎಲ್ಲರಿಗೂ ನಮಸ್ಕಾರ. ಮುಳಬಾಗಿಲಿನಿಂದ ಒಂದು ಪ್ರಶ್ನೆ.

2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದ ಮೇಲೆ ನಮ್ಮ ಮಕ್ಕಳ ಪ್ರಶ್ನೆಗಳು ಜಾಸ್ತಿಯಾಗಿವೆ. ಅಲ್ಲಿನ ದಿನಚರಿ ಬಗ್ಗೆ ಶಾಲೆಯ ಗೋಡೆ ಪತ್ರಿಕೆಗೆ ಒಂದು ಪುಟ ಬರೆಯೋಣ ಅಂತ ಕೂತೆ. ಎರಡನೇ ಸಾಲಿಗೇ ಕ್ರಿಯಾಪದ ಕೈಕೊಟ್ಟಿತು.

‘ಕಾಫಿ ಕುಡಿದು ಲೋಟ ಕೆಳಗಿಟ್ಟರು’ ಅಂತ ಬರೆದಿದ್ದೆ. ಅಲ್ಲಿ ಲೋಟದ ಬದಲು ಕೊಳವೆ ಇರುವ ಚೀಲ. ಅದು ಹೋಗಲಿ, ‘ಕೆಳಗೆ’ ಎಲ್ಲಿದೆ? ಇಟ್ಟದ್ದು ಇಟ್ಟಲ್ಲಿ ಇರುವುದಿಲ್ಲ, ಗೋಡೆಯ ವೆಲ್ಕ್ರೋ ಪಟ್ಟಿಗೆ ಅಂಟಿಸಬೇಕು. ‘ಮಲಗು’ ಬಿಟ್ಟು ‘ನಿದ್ದೆ ಮಾಡು’ ಅಂದುಬಿಡಬಹುದು. ‘ಬಗ್ಗಿಸು’ ಮಾತ್ರ ಕಷ್ಟ. ನಮ್ಮ ಕಡೆ ಸಾರು, ಕಾಫಿ ಎಲ್ಲ ಬಗ್ಗಿಸೋದೇ. ಅಲ್ಲಿ ಪಾತ್ರೆ ಬಗ್ಗಿಸಿದರೂ ನೀರು ಸುರಿಯುವುದಿಲ್ಲ.

2013ರಲ್ಲಿ ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ಅಲ್ಲಿ ಒದ್ದೆ ಬಟ್ಟೆ ಹಿಂಡಿ ತೋರಿಸಿದ್ದರು. ಒಂದು ಹನಿಯೂ ತೊಟ್ಟಿಕ್ಕಲಿಲ್ಲ. ನೀರು ಬಟ್ಟೆಯ ಸುತ್ತ ಕೊಳವೆಯಂತೆ ನಿಂತು, ಹಾಗೇ ಕೈಗೆ ಹರಡಿತು. ನಾನು ‘ಮೆತ್ತಿಕೊಂಡಿತು’ ಅಂತ ಬರೆದೆ. ಮುದ್ದೆ ತೊಳಸಿದ ಕೈ ನೆನಪಾಯಿತು. (ಬ್ರೆಡ್ ಪುಡಿ ಉದುರಿ ಯಂತ್ರಗಳೊಳಗೆ ಸೇರುತ್ತದೆ ಅಂತ ಅಲ್ಲಿ ಟಾರ್ಟಿಯಾ ರೊಟ್ಟಿ ತಿನ್ನುತ್ತಾರೆ. ಪುಡಿ ಉದುರದ ಮುದ್ದೆ ಅಲ್ಲಿಗೆ ಹೇಳಿ ಮಾಡಿಸಿದ್ದು. ಸಾರಿನದೇ ಚಿಂತೆ!)

ಈಗ ದೊಡ್ಡ ತಲೆನೋವಿಗೆ ಬರುತ್ತೇನೆ. ಪತ್ರಿಕೆಗಳಲ್ಲಿ ಗಗನಯಾತ್ರಿಗಳು ಯಾವಾಗಲೂ ‘ತೇಲುತ್ತಾರೆ’. ಏಳನೇ ತರಗತಿಯ ಒಬ್ಬಳು ಕೇಳಿದಳು: “ಮೇಡಂ, ತೇಲ್ಬೇಕು ಅಂದ್ರೆ ಕೆಳಗೆ ನೀರಿರ್ಬೇಕಲ್ವಾ?” ನಿಜ. ಕೆರೆಯಲ್ಲಿ ಬೆಂಡನ್ನು ನೀರು ಹೊತ್ತಿರುತ್ತದೆ. ಅಲ್ಲಿ ಹೊರುವುದಕ್ಕೆ ಏನೂ ಇಲ್ಲ. ಸುಮಾರು 400 ಕಿ.ಮೀ. ಎತ್ತರದಲ್ಲೂ ಭೂಮಿಯ ಸೆಳೆತ ಇಲ್ಲಿನ ಶೇ. 90ರ ಆಸುಪಾಸು ಇದೆ, ಹಾಗಾಗಿ ‘ಗುರುತ್ವರಹಿತ’ ಅನ್ನೋದೂ ತಪ್ಪು. ನಿಲ್ದಾಣ, ಮನುಷ್ಯ, ಚಮಚ ಎಲ್ಲ ಒಟ್ಟಿಗೇ ಬೀಳುತ್ತಿವೆ. ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಮುಂದಕ್ಕೂ ಓಡುತ್ತಿರುವುದರಿಂದ ನೆಲ ಸಿಗುವುದಿಲ್ಲ, ಅಷ್ಟೆ. ಜಾತ್ರೆಯ ಜೈಂಟ್ ವೀಲ್ ತುದಿಯಿಂದ ಇಳಿಯಲು ಶುರುವಾದಾಗ ಹೊಟ್ಟೆ ಜುಂ ಅನ್ನುತ್ತಲ್ಲ, ಅದು ನಿಲ್ಲದೇ ಹೋದರೆ ಹೇಗೆ, ಹಾಗೆ ಅಂದೆ. ಹುಡುಗಿಗೆ ಥಟ್ಟನೆ ಹೊಳೆಯಿತು. ಆದರೆ ‘ಬೀಳುತ್ತಾ ಹಲ್ಲುಜ್ಜಿದರು’ ಅಂತ ಬರೆದರೆ ಓದಿದವರು ಗಾಬರಿಯಾಗುತ್ತಾರೆ.

‘ತೂಕರಹಿತ ಸ್ಥಿತಿ’ ಪಠ್ಯಪುಸ್ತಕದ ಮಾತು. ‘ತೂಕವಿಲ್ಲದವರು’ ಅಂದರೆ ಮಾತಿಗೆ ಬೆಲೆಯಿಲ್ಲದವರು ಅಂತಾಗುತ್ತದೆ, ಪಾಪ. ‘ಬೀಳುಹಗುರ’ ಅಂತ ಒಂದು ಹೊಳೆದಿದೆ. ಸಮಾಸ ಸರಿಯೇ? ಕಿವಿಗೆ ತೀರಾ ಒರಟೇ? ಜೋಕಾಲಿಯಲ್ಲೋ ಜಾತ್ರೆಯಲ್ಲೋ ಆಗುವ ಆ ಹಗುರಕ್ಕೆ ನಿಮ್ಮೂರಲ್ಲಿ ಬೇರೆ ಹೆಸರಿದ್ದರೆ ಅದನ್ನೇ ಕೊಡಿ, ನನ್ನದನ್ನು ಬಿಟ್ಟುಬಿಡುತ್ತೇನೆ. ಸೋಮವಾರ ಪುಟ ಅಂಟಿಸಬೇಕು.