ಹಳೆಯ ಪಿಕಪ್‌ಗೆ ಹೊಸ ರೇಡಿಯೇಟರ್: ಯಾವುದನ್ನು ಆರಿಸಬೇಕು?

ಪ್ರಶ್ನೆ: ಮೇಸ್ತ್ರಿಗಳಿಗೆ ನಮಸ್ಕಾರ. ನನ್ನದು 2009ರ ಮಹೀಂದ್ರ ಬೊಲೆರೊ ಪಿಕಪ್, 2523 ಸಿಸಿ ಎಂಜಿನ್. ಸಕಲೇಶಪುರದಿಂದ ಮಂಗಳೂರಿಗೆ ಶುಂಠಿ ಒಯ್ದು, ಬರುವಾಗ ಮುರಕಲ್ಲು ತುಂಬಿಕೊಂಡು ಶಿರಾಡಿ ಘಾಟ್ ಹತ್ತುತ್ತೇನೆ. ಎರಡು ತಿಂಗಳಿನಿಂದ ಘಾಟಿಯ ಬುಡದ ಗುಂಡ್ಯ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತಿದೆ. ಈಗಿರುವ ರೇಡಿಯೇಟರ್ ಅಲ್ಯೂಮಿನಿಯಂ ಕೋರ್ (ನೀರು ಹರಿಯುವ ನಳಿಕೆಗಳೂ ಅವುಗಳ ನಡುವಿನ ತೆಳು ಹಾಳೆಯ ಫಿನ್‌ಗಳೂ ಇರುವ ನಡುಭಾಗ), ಪ್ಲಾಸ್ಟಿಕ್ ಟ್ಯಾಂಕಿನದು. ಟ್ಯಾಂಕು ಕೋರಿಗೆ ಸೇರುವ ಅಂಚಿನಲ್ಲಿ ನೀರು ಜಿನುಗಿದ ಗುರುತಿದೆ. ಒಬ್ಬರು ಅದೇ ತರಹದ ಹೊಸದನ್ನು ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ದಪ್ಪ ಕೋರಿನ ತಾಮ್ರದ್ದನ್ನು ಮಾಡಿಸಿ ಎನ್ನುತ್ತಾರೆ, ಮತ್ತೊಬ್ಬರು ಗುಜರಿಯಿಂದ ತರೋಣ ಎನ್ನುತ್ತಾರೆ. ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ಗುಜರಿಯ ಮಾತನ್ನು ಮೊದಲೇ ಕೈಬಿಡಿ. ಒಳಗೆ ಎಷ್ಟು ಉಪ್ಪುಗಟ್ಟಿದೆ ಎಂಬುದು ಹೊರಗಿನಿಂದ ಕಾಣದ ವಸ್ತುವನ್ನು ಘಾಟ್ ಹತ್ತುವ ಗಾಡಿಗೆ ಹಾಕಬಾರದು.

ಹೊಸದನ್ನು ಕೊಳ್ಳುವ ಮೊದಲು, ತಪ್ಪು ರೇಡಿಯೇಟರಿನದೇ ಎಂದು ಖಚಿತಪಡಿಸಿಕೊಳ್ಳಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಮತ್ತು ಬ್ಲಾಕಿನ ನಡುವಿನ ಸೀಲು) ಹೋಗಿದೆ ಎಂದು ಅನುಮಾನಿಸಬೇಕು. ಆಗ ರೇಡಿಯೇಟರ್ ಬದಲಿಸಿ ಪ್ರಯೋಜನವಿಲ್ಲ. ಕೆಳಗಿನ ಹೋಸ್ ಪೈಪನ್ನೂ ನೋಡಿ. ಹಳೆಯದಾಗಿ ಮೆತ್ತಗಾದ ಪೈಪು ಎಂಜಿನ್ ಜೋರಾಗಿ ತಿರುಗುವಾಗ ವಾಟರ್ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುತ್ತದೆ, ಎಂಜಿನ್ ನಿಧಾನವಾದೊಡನೆ ಮತ್ತೆ ಉಬ್ಬಿಕೊಳ್ಳುತ್ತದೆ. ಹಾಗಾಗಿ ಎಂಜಿನ್ ನಿಂತಿರುವಾಗ ಈ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಯದಾಗಿ ಕೋರಿನ ಫಿನ್‌ಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಕರಾವಳಿಯ ಉಪ್ಪುಗಾಳಿಗೆ ಒಡ್ಡಿಕೊಂಡ ಅಲ್ಯೂಮಿನಿಯಂ ಫಿನ್ ಬಿಳಿಯ ಪುಡಿಯಾಗಿ ಬೆರಳಿಗೆ ಅಂಟಿದರೆ, ನಳಿಕೆಗಳು ಸೋರದೇ ಇದ್ದರೂ ಆ ಕೋರಿನ ಕೆಲಸ ಮುಗಿದಿದೆ. ಟ್ಯಾಂಕಿನ ರಬ್ಬರ್ ಗ್ಯಾಸ್ಕೆಟ್ ಮಾತ್ರ ಬದಲಿಸಿ ಅಂಚು ಮಡಚಿಸುವುದು ದುಡ್ಡು ದಂಡ.

ಇನ್ನು ತಾಮ್ರವೋ ಅಲ್ಯೂಮಿನಿಯಂ ಸಾಕೋ ಎಂಬ ವಿಷಯ. ತಾಮ್ರವು ಅಲ್ಯೂಮಿನಿಯಂಗಿಂತ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ ಎಂಬುದು ನಿಜ. ಆದರೆ ನಾವು ತಾಮ್ರದ ರೇಡಿಯೇಟರ್ ಎಂದು ಕರೆಯುವುದರಲ್ಲಿ ತಾಮ್ರದಿಂದ ಮಾಡಿದ್ದು ಫಿನ್‌ಗಳು ಮಾತ್ರ. ನಳಿಕೆ ಮತ್ತು ಟ್ಯಾಂಕು ಹಿತ್ತಾಳೆಯವು, ಎರಡನ್ನೂ ಕೂಡಿಸುವುದು ಬೆಸುಗೆಯ ಸೀಸ-ತವರ. ಹಿತ್ತಾಳೆಯೂ ಬೆಸುಗೆಯೂ ಶಾಖ ಸಾಗಿಸುವುದರಲ್ಲಿ ಅಲ್ಯೂಮಿನಿಯಂಗಿಂತ ಹಿಂದೆ. ಮೇಲಾಗಿ ಹಿತ್ತಾಳೆಯ ನಳಿಕೆ ಸಾಮಾನ್ಯವಾಗಿ ಅರ್ಧ ಇಂಚಿನ ಆಸುಪಾಸಿನ ಅಗಲದ್ದು. ಅಲ್ಯೂಮಿನಿಯಂ ಗಟ್ಟಿಯೂ ಹಗುರವೂ ಆದ್ದರಿಂದ ಒಂದು ಇಂಚು ಅಗಲದ ನಳಿಕೆಯನ್ನೂ ಮಾಡಬಹುದು. ಈ ಕಾರಣಕ್ಕೇ ಎರಡು ಸಾಲಿನ ಒಳ್ಳೆಯ ಅಲ್ಯೂಮಿನಿಯಂ ಕೋರ್ ನಾಲ್ಕು ಸಾಲಿನ ತಾಮ್ರದ ಕೋರಿಗೆ ಸಮನಾಗಿ ಕೆಲಸ ಮಾಡಬಲ್ಲದು. ತಾಮ್ರದ ನಿಜವಾದ ಹೆಚ್ಚುಗಾರಿಕೆ ಬೇರೆ: ದಾರಿಯಲ್ಲಿ ತೂತಾದರೆ ಬೆಸುಗೆ ಗೊತ್ತಿರುವ ಯಾವ ಊರಿನ ಅಂಗಡಿಯಲ್ಲಾದರೂ ಅರ್ಧ ದಿನದಲ್ಲಿ ಸರಿಪಡಿಸಬಹುದು.

ದಪ್ಪ ಕೋರಿನ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಭಾರ ಹೊತ್ತು ಎರಡನೇ ಗೇರಿನಲ್ಲಿ ಘಾಟ್ ಹತ್ತುವಾಗ ಎದುರುಗಾಳಿ ಹೆಚ್ಚಿರುವುದಿಲ್ಲ. ಗಾಳಿಯನ್ನು ಎಳೆಯಬೇಕಾದದ್ದು ಫ್ಯಾನ್. ಕೋರ್ ದಪ್ಪವಾದಷ್ಟೂ, ಫಿನ್ ಒತ್ತಾದಷ್ಟೂ ಗಾಳಿ ನುಗ್ಗುವುದು ಕಷ್ಟ, ಕೆಸರು ಕಚ್ಚುವುದು ಸುಲಭ. ಅದರ ಜೊತೆಗೆ ಫ್ಯಾನ್ ಮತ್ತು ಕೋರಿನ ನಡುವಿನ ಜಾಗ ಕಡಿಮೆಯಾಗಿ, ಫ್ಯಾನ್ ಸುತ್ತಲಿನ ಶ್ರೌಡ್ (ಗಾಳಿಯನ್ನು ಕೋರಿನ ಮೂಲಕವೇ ಎಳೆಯುವಂತೆ ಮಾಡುವ ಕವಚ) ಕೂರುವುದಿಲ್ಲ ಎಂದು ಮೆಕ್ಯಾನಿಕ್ ಅದನ್ನು ಬಿಚ್ಚಿ ಮೂಲೆಗೆಸೆಯುತ್ತಾರೆ. ಹೊಸ ದಪ್ಪ ರೇಡಿಯೇಟರ್ ಹಾಕಿಸಿದ ಮೇಲೂ ಕಾಯುತ್ತದೆ ಎಂದು ನನ್ನಲ್ಲಿಗೆ ಬಂದ ಒಂದು ಗಾಡಿಯಲ್ಲಿ ನಾನು ಮಾಡಿದ ರಿಪೇರಿಯೆಂದರೆ, ಮಾಲೀಕರ ಮನೆಯ ಅಟ್ಟದಲ್ಲಿ ಬಿದ್ದಿದ್ದ ಶ್ರೌಡನ್ನು ತರಿಸಿ ಕೂರುವಂತೆ ಮಾಡಿದ್ದಷ್ಟೇ.

ಆದ್ದರಿಂದ ನಿಮ್ಮ ಗಾಡಿಗೆ ಅದೇ ಅಳತೆಯ ಹೊಸ ಅಲ್ಯೂಮಿನಿಯಂ ರೇಡಿಯೇಟರನ್ನೇ ಹಾಕಿಸಿ. ಇದೇ ಹೆಸರಿನ ಪಿಕಪ್ ಬೇರೆ ಬೇರೆ ಎಂಜಿನ್‌ಗಳೊಂದಿಗೆ ಬಂದಿರುವುದರಿಂದ ಅಂಗಡಿಯಲ್ಲಿ ಮಾದರಿಯ ಹೆಸರನ್ನಷ್ಟೇ ಹೇಳದೆ ಚಾಸಿ ನಂಬರ್ ಕೊಡಿ, ಹಳೆಯದನ್ನು ಪಕ್ಕದಲ್ಲಿಟ್ಟು ಕೋರಿನ ಎತ್ತರ, ಅಗಲ, ದಪ್ಪ, ಹೋಸ್ ಬಾಯಿಗಳ ವ್ಯಾಸ ಮತ್ತು ದಿಕ್ಕು, ಕೆಳಗಿನ ರಬ್ಬರ್ ಬುಷ್ ಕೂರುವ ಗೂಟಗಳನ್ನು ಹೋಲಿಸಿ ನೋಡಿ. ಗೂಟ ಸ್ವಲ್ಪ ಆಚೀಚೆ ಇದ್ದರೂ ಬಲವಂತವಾಗಿ ಬಿಗಿಯಬೇಡಿ. ಚಾಸಿ ತಿರುಚಿದಾಗಲೆಲ್ಲ ಆ ಒತ್ತಡವು ಪ್ಲಾಸ್ಟಿಕ್ ಟ್ಯಾಂಕಿನ ಅಂಚಿಗೆ ಬಿದ್ದು ಮತ್ತೆ ಅಲ್ಲೇ ಸೋರುತ್ತದೆ.

ಪ್ರಶ್ನೆ: ಮೇಲಿನವರ ಪ್ರಶ್ನೆಗೆ ಸೇರಿಸಿ ಕೇಳುತ್ತಿದ್ದೇನೆ. ನನ್ನ ಹಳೆಯ ಟಾಟಾ 207ರಲ್ಲಿ ತಾಮ್ರದ ರೇಡಿಯೇಟರ್ ಇದೆ. ತೋಟದ ಬೋರ್‌ವೆಲ್ ನೀರನ್ನೇ ಹಾಕುತ್ತಾ ಬಂದಿದ್ದೇನೆ. ಕೋರ್ ಕಟ್ಟಿದೆ, ರಾಡ್ ಹೊಡೆಸಿದರೆ (ನಳಿಕೆಗಳೊಳಗೆ ಸರಳು ತೂರಿಸಿ ಉಪ್ಪು ತೆಗೆಸಿದರೆ) ಸಾಕು ಎನ್ನುತ್ತಾರೆ. ಸಾಕೇ?

ಉತ್ತರ: ಹಿತ್ತಾಳೆಯ ಟ್ಯಾಂಕುಗಳು ಚೆನ್ನಾಗಿದ್ದರೆ ಇಡೀ ರೇಡಿಯೇಟರ್ ಬದಲಿಸುವ ಅಗತ್ಯವಿಲ್ಲ. ಟ್ಯಾಂಕು ಬಿಚ್ಚಿ ಒಮ್ಮೆ ರಾಡ್ ಹೊಡೆಸಬಹುದು. ಆದರೆ ನಳಿಕೆ ಸವೆದಿದ್ದರೆ ರಾಡು ಉಪ್ಪಿನ ಜೊತೆಗೆ ನಳಿಕೆಯನ್ನೂ ಸೀಳುತ್ತದೆ, ಹಾಗಾಗಿ ಹಿಂದೊಮ್ಮೆ ರಾಡ್ ಹೊಡೆಸಿದ್ದರೆ ಈಗ ಕೋರನ್ನೇ ಬದಲಿಸಿ. ಹಳೆಯ ಕೋರಿನ ತಾಮ್ರ-ಹಿತ್ತಾಳೆಗೆ ತೂಕದ ಬೆಲೆಯಿದೆ. ಅದನ್ನು ತೂಗಿಸಿ ಬಿಲ್ಲಿನಲ್ಲಿ ಕಳೆಯಲು ಹೇಳಿ, ಕೇಳದಿದ್ದರೆ ಯಾರೂ ತಾವಾಗಿ ಕಳೆಯುವುದಿಲ್ಲ.

ಬೋರ್‌ವೆಲ್ ನೀರನ್ನು ಇಂದೇ ನಿಲ್ಲಿಸಿ, ಅದರಲ್ಲಿನ ಸುಣ್ಣದ ಅಂಶವೇ ನಿಮ್ಮ ಕೋರನ್ನು ಕಟ್ಟಿಸಿದ್ದು. ಬದಲಿಗೆ ಕೂಲೆಂಟ್ ಹಾಕಿ. ಅದು ಗಟ್ಟಿಯದಾದರೆ ಅಷ್ಟೇ ಪ್ರಮಾಣದ ಬ್ಯಾಟರಿ ನೀರಿನೊಂದಿಗೆ (ಡಿಸ್ಟಿಲ್ಡ್ ವಾಟರ್) ಬೆರೆಸಿ. ಬೆರೆಸಿಯೇ ಬಂದಿದ್ದರೆ ಹಾಗೆಯೇ ಸುರಿಯಿರಿ. ತೆಗೆದ ಹಳೆಯ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬೇಡಿ, ಸಿಹಿಯಾಗಿರುವ ಆ ವಿಷವನ್ನು ನಾಯಿಗಳು ನೆಕ್ಕುತ್ತವೆ.

ಪ್ರಶ್ನೆ: ಹೊಸ ರೇಡಿಯೇಟರಿಗೆ ಹಳೆಯ ಕ್ಯಾಪನ್ನೇ ಬಳಸಬಹುದೇ?

ಉತ್ತರ: ಬೇಡ. ಕ್ಯಾಪಿನ ಸ್ಪ್ರಿಂಗ್ ಒಳಗಿನ ಒತ್ತಡವನ್ನು ಹಿಡಿದಿಟ್ಟಾಗಲೇ ನೀರು 100 ಡಿಗ್ರಿಯಲ್ಲಿ ಕುದಿಯದೆ ತಡೆಯುವುದು, 0.9 ಬಾರ್ ಕ್ಯಾಪ್ ಸರಿಯಿದ್ದರೆ ಬರೀ ನೀರು ಕೂಡ 118 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ಗಾಡಿಯ ಪುಸ್ತಕದಲ್ಲಿರುವ ಅಂಕಿಯ ಹೊಸ ಕ್ಯಾಪನ್ನೇ ಹಾಕಿ. ಅದಕ್ಕಿಂತ ಹೆಚ್ಚಿನದನ್ನು ಹಾಕಿದರೆ ಹಳೆಯ ಹೋಸ್ ಅಥವಾ ಹೀಟರ್ ಪೈಪು ಮೊದಲು ಬಿರಿಯುತ್ತದೆ.