ನಿಂತಾಗ ಸೋರದ, ಹಾಯಿ ಏರಿಸಿದೊಡನೆ ನೀರು ತುಂಬಿಕೊಳ್ಳುವ ಹಳೆಯ ಮಿರರ್ ದೋಣಿ: ಸೋರಿಕೆ ಹುಡುಕುವುದು ಹೇಗೆ?

ಪ್ರಶ್ನೆ

ಪ್ಲೈವುಡ್ಡಿನ ಹಳೆಯ ಮಿರರ್ ಹಾಯಿದೋಣಿಯೊಂದು ನನ್ನ ಕೈಗೆ ಬಂದಿದೆ. ಹಲವು ವರ್ಷ ಹೊದಿಕೆಯ ಕೆಳಗೆ ಇದ್ದ ದೋಣಿ ಇದು. ಕೂವೆ, ಹಾಯಿ, ಚುಕ್ಕಾಣಿಗಳು ಬಳಸುವ ಸ್ಥಿತಿಯಲ್ಲಿಯೇ ಇವೆ. ತೊಂದರೆ ಇರುವುದು ಒಡಲಿನಲ್ಲಿ. ದಡದ ಬಳಿ ಆಳವಿಲ್ಲದ ನೀರಿನಲ್ಲಿ ಕಟ್ಟಿ ನಿಲ್ಲಿಸಿದರೆ ಒಳಗೆ ನೀರು ಬರುವುದೇ ಇಲ್ಲ ಎನ್ನಬಹುದು. ಆದರೆ ಹಾಯಿ ಏರಿಸಿ, ಗಾಳಿಗೆ ಓರೆಯಾಗಿ ಮುಂದೆ ಸಾಗತೊಡಗಿದ ಸ್ವಲ್ಪ ಹೊತ್ತಿಗೆಲ್ಲ ಕಾಲಡಿಯಲ್ಲಿ ನೀರು ನಿಲ್ಲುತ್ತದೆ. ದಡಕ್ಕೆಳೆದು ಓರೆ ಮಾಡಿದಾಗ ಬಲಬದಿಯ ತೇಲುಪೆಟ್ಟಿಗೆಯೊಳಗೂ ನೀರು ಅಲುಗಾಡುವ ಸದ್ದು ಕೇಳಿಸುತ್ತದೆ. ಆ ಪೆಟ್ಟಿಗೆಯ ಬಹುಭಾಗ ನೀರಿನ ಮಟ್ಟಕ್ಕಿಂತ ಮೇಲೆಯೇ ಇರುವುದರಿಂದ ಅಷ್ಟು ನೀರು ಅಲ್ಲಿಗೆ ಹೇಗೆ ಹೋಗುತ್ತದೆ ಎಂಬುದು ನನಗೆ ಅರ್ಥವಾಗಿಲ್ಲ.

ಡ್ಯಾಗರ್‌ಬೋರ್ಡ್ (ತಳದ ಸೀಳಿನ ಮೂಲಕ ನೀರಿಗೆ ಇಳಿಬಿಡುವ ಹಲಗೆ) ಇಳಿಸುವ ಗೂಡಿನ ಬುಡದಲ್ಲಿ ಹಿಂದಿನ ಮಾಲೀಕರು ಸಿಲಿಕೋನ್ ಸೀಲಂಟ್ ಮೆತ್ತಿದ್ದಾರೆ. ಹೊರಗಿನ ತಳದಲ್ಲಿ ಬಣ್ಣ ಅಲ್ಲಲ್ಲಿ ಸೀಳಿದೆ, ಒಂದೆರಡು ಕಡೆ ಸಂದಿನ ಮೇಲಿನ ಫೈಬರ್‌ಗ್ಲಾಸ್ ಪಟ್ಟಿಯ ಅಂಚು ಎದ್ದಿದೆ. ತಳವನ್ನು ಪೂರ್ತಿಯಾಗಿ ಉಜ್ಜಿ, ಅದರ ಮೇಲೆ ಗ್ಲಾಸ್ ಮ್ಯಾಟ್ (ಬಿಡಿ ಗಾಜಿನೆಳೆಗಳ ಹಾಸು) ಹಾಸಿ ಪಾಲಿಯೆಸ್ಟರ್ ರೆಸಿನ್ ಬಳಿದುಬಿಟ್ಟರೆ ಎಲ್ಲ ಸೋರಿಕೆಯೂ ಒಮ್ಮೆಗೇ ನಿಲ್ಲುತ್ತದೆಯೆ? ಅಥವಾ ಬೇರೆ ದಾರಿ ಇದೆಯೆ?

ಉತ್ತರ

ತಳಕ್ಕೆಲ್ಲ ಮ್ಯಾಟ್ ಹಾಸುವ ಯೋಚನೆಯನ್ನು ದಯವಿಟ್ಟು ಬದಿಗಿಡಿ. ಪಾಲಿಯೆಸ್ಟರ್ ರೆಸಿನ್ ಹಳೆಯ ಮರವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಕೆಲವು ಋತುಗಳ ನಂತರ ಆ ಪದರ ಮರದಿಂದ ಬಿಟ್ಟುಕೊಂಡು, ನಡುವೆ ಸೇರಿದ ನೀರು ಹೊರಹೋಗಲು ದಾರಿಯಿಲ್ಲದೆ ಪ್ಲೈವುಡ್ಡನ್ನು ಒಳಗಿಂದೊಳಗೇ ಕೊಳೆಸುತ್ತದೆ. ದೋಣಿಯ ತೂಕವೂ ಏರುತ್ತದೆ. ಮಿರರ್‌ನ ಖಾಲಿ ಒಡಲು ಸುಮಾರು 45 ಕಿಲೋ ಮಾತ್ರ ಇರಬೇಕಾದದ್ದು; ಹಗುರತನವೇ ಅದರ ಗುಣ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಹೇಳಿದ ಲಕ್ಷಣಗಳು ತಳದ ಹಲಗೆಯತ್ತ ಬೆರಳು ಮಾಡುತ್ತಲೇ ಇಲ್ಲ.

ಸೀಳಿದ ತಳವಾದರೆ ದೋಣಿ ನಿಂತಾಗಲೂ ಸೋರಬೇಕಿತ್ತು. ನಿಂತಾಗ ಒಣಗಿದ್ದು ಓಡುವಾಗ ಮಾತ್ರ ಸೋರುವ ದೋಣಿಯಲ್ಲಿ, ಭಾರ ಬಿದ್ದಾಗ ಬಾಯಿ ಬಿಡುವ ಸಂದೊಂದು ಇದೆ ಎಂದೇ ತಿಳಿಯಬೇಕು. ಹಾಯಿಯ ಮೇಲೆ ಗಾಳಿ ಒತ್ತಿದಾಗ ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವುದು ಡ್ಯಾಗರ್‌ಬೋರ್ಡ್. ನೀರಿನಲ್ಲಿರುವ ಅದರ ಉದ್ದನೆಯ ಭಾಗ ಸನ್ನೆಕೋಲಿನ ಹಾಗೆ ವರ್ತಿಸಿ, ಗೂಡಿನ ಬುಡವನ್ನು ಒಂದು ಬದಿಗೆ ಮೀಟುತ್ತದೆ. ಗೂಡಿನ ತಲೆಯನ್ನು ಅಡ್ಡಹಲಗೆಯೊಂದು ಹಿಡಿದಿರುತ್ತದೆಯಷ್ಟೆ. ಆ ಅಡ್ಡಹಲಗೆಯ ಜೋಡಣೆ ಸಡಿಲವಾಗಿದ್ದರೆ ಇಡೀ ಹೊರೆ ಬುಡದ ಅಂಟಿನ ಮೇಲೆ ಬೀಳುತ್ತದೆ. ಬೋರ್ಡನ್ನು ಪೂರ್ತಿ ಇಳಿಸಿ, ದೋಣಿಯನ್ನು ಎರಡು ಎತ್ತರದ ಅಡ್ಡೆಗಳ ಮೇಲಿಟ್ಟು, ಬೋರ್ಡಿನ ಕೆಳತುದಿಯನ್ನು ಕೈಯಿಂದ ಮೆಲ್ಲನೆ ಪಕ್ಕಕ್ಕೆ ತಳ್ಳಿ ನೋಡಿ. ಇನ್ನೊಬ್ಬರು ಒಳಗಿನಿಂದ ಗೂಡಿನ ಬುಡಕ್ಕೂ ತಳಕ್ಕೂ ಸೇರಿಸಿ ಬೆರಳಿಟ್ಟುಕೊಂಡಿದ್ದರೆ ಅಲುಗಾಟ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿಯುತ್ತದೆ.

ಇನ್ನು ತೇಲುಪೆಟ್ಟಿಗೆಯ ಒಗಟು. ದಡದಲ್ಲಿ ಬಿಸಿಲಿಗೆ ನಿಂತ ದೋಣಿಯ ಪೆಟ್ಟಿಗೆಯೊಳಗಿನ ಗಾಳಿ ಕಾದಿರುತ್ತದೆ. ತಣ್ಣನೆಯ ನೀರಿಗೆ ಇಳಿಸಿದೊಡನೆ ಆ ಗಾಳಿ ಕುಗ್ಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಗಾತ್ರ ನೂರಕ್ಕೆ ಮೂರರಷ್ಟಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಮುಚ್ಚಿದ ಪೆಟ್ಟಿಗೆ ಆ ಕೊರತೆಯನ್ನು ತುಂಬಿಕೊಳ್ಳಲು ಸಿಕ್ಕ ರಂಧ್ರದಿಂದ ಹೀರುತ್ತದೆ. ರಂಧ್ರದ ಮೇಲೆ ಅಲೆಯ ಸಿಂಚನ ಬಿದ್ದಿದ್ದರೆ ಗಾಳಿಯ ಬದಲು ನೀರೇ ಒಳಗೆ ಹೋಗುತ್ತದೆ. ಆದ್ದರಿಂದ ನೀರಿನ ಮಟ್ಟಕ್ಕಿಂತ ಮೇಲಿರುವ ತಿರುಪಿನ ತೂತು, ಮುಚ್ಚಳದ ಸವೆದ ರಬ್ಬರ್ ಬಳೆ, ಮೇಲ್ಹಾಸಿನ ಅಂಚು, ಇವೇ ಪೆಟ್ಟಿಗೆಗೆ ನೀರುಣಿಸುವ ಬಾಯಿಗಳು. ದೋಣಿ ಬಾಗಿದಾಗ ಆ ಅಂಚು ನೀರಿನಲ್ಲೇ ಮುಳುಗುತ್ತದೆ ಎಂಬುದನ್ನೂ ನೆನಪಿಡಿ.

ಹುಡುಕುವ ಕೆಲಸಕ್ಕೆ ಎರಡು ಪರೀಕ್ಷೆ ಸಾಕು. ಮೊದಲನೆಯದು, ದೋಣಿಯನ್ನು ನೆಲದಿಂದ ಮೇಲೆ, ತಳಕ್ಕೆ ಹಲವು ಕಡೆ ಆಧಾರ ಕೊಟ್ಟು ಮಟ್ಟವಾಗಿಟ್ಟು, ಒಳಗೆ ಬಣ್ಣ ಬೆರೆಸಿದ ನೀರು ಹೊಯ್ದು ಹೊರಗೆ ಎಲ್ಲಿ ಜಿನುಗುತ್ತದೆ ಎಂದು ನೋಡುವುದು. ಹೊರಗಿನಿಂದ ಒಳಕ್ಕೆ ಬರುವ ನೀರಿನ ಜಾಡು ಹಿಡಿಯುವುದಕ್ಕಿಂತ ಒಳಗಿನಿಂದ ಹೊರಕ್ಕೆ ಹೋಗುವ ನೀರನ್ನು ಕಾಣುವುದು ಎಷ್ಟೋ ಸುಲಭ. ಆದರೆ ನಾಲ್ಕೈದು ಸೆಂಟಿಮೀಟರಿಗಿಂತ ಹೆಚ್ಚು ಹೊಯ್ಯಬೇಡಿ. 10 ಸೆಂಟಿಮೀಟರ್ ಆಳದ ನೀರೆಂದರೆ ಪ್ರತಿ ಚದರ ಮೀಟರಿಗೆ 100 ಕಿಲೋ ಭಾರ. ನೀರಿನಲ್ಲಿ ತೇಲುವಾಗ ಕೆಳಗಿನಿಂದ ಸಿಗುವ ಆಸರೆ ದಡದ ಮೇಲೆ ಇರುವುದಿಲ್ಲ.

ಎರಡನೆಯದು ತೇಲುಪೆಟ್ಟಿಗೆಗೆ. ಅದರ ಮುಚ್ಚಳದ ಜಾಗಕ್ಕೆ ಕೊಳವೆ ತೂರಿಸಿದ ಹಲಗೆಯ ಬಿಲ್ಲೆಯೊಂದನ್ನು ಗಾಳಿಯಾಡದಂತೆ ಕೂರಿಸಿ, ಗಾಳಿಹಾಸಿಗೆ ತುಂಬುವ ಕಾಲುಪಂಪಿನಿಂದ ನಿಧಾನವಾಗಿ ಗಾಳಿ ಹೊಗಿಸಿ, ಹೊರಗೆ ಬ್ರಶ್ಶಿನಿಂದ ಸೋಪಿನ ನೀರು ಬಳಿಯಿರಿ. ಕಂಪ್ರೆಸರನ್ನು ಹತ್ತಿರವೂ ಸುಳಿಯಗೊಡಬೇಡಿ. ಒತ್ತಡ ಅಳೆಯಲು ಪಾರದರ್ಶಕ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಅರ್ಧ ನೀರು ತುಂಬಿ ಪೆಟ್ಟಿಗೆಗೆ ಜೋಡಿಸಿದರೆ ಆಯಿತು; ಎರಡು ಬದಿಯ ನೀರಿನ ಮಟ್ಟದ ಅಂತರ 10 ಸೆಂಟಿಮೀಟರ್ ದಾಟಬಾರದು. ಆಗ ಮೇಲ್ಹಾಸಿನ ಮೇಲೆ ಬೀಳುವ ಒತ್ತಡ ಮೊದಲು ಹೇಳಿದ ಲೆಕ್ಕದ್ದೇ, ಚದರ ಮೀಟರಿಗೆ 100 ಕಿಲೋ. ತೆಳುವಾದ ಪ್ಲೈವುಡ್ಡಿಗೆ ಅದು ಸಣ್ಣ ಹೊರೆಯಲ್ಲ, ಗುಳ್ಳೆ ಏಳಿಸಲು ಮಾತ್ರ ಧಾರಾಳ.

ಪರೀಕ್ಷೆ ಮುಗಿಸಿ ಏನು ಕಂಡಿರಿ ಎಂದು ತಿಳಿಸಿ. ಅಲ್ಲಿಯವರೆಗೆ ಯಾವ ಡಬ್ಬಿಯನ್ನೂ ತೆರೆಯಬೇಡಿ.

ಪ್ರಶ್ನೆ ಕೇಳಿದವರು

ಎರಡು ಪರೀಕ್ಷೆಗಳನ್ನೂ ಮಾಡಿದೆ. ಒಳಗೆ ಹೊಯ್ದ ಬಣ್ಣದ ನೀರು ಮೊದಲು ಗೂಡಿನ ಹಿಂಬದಿಯ ಮೂಲೆಯಿಂದ, ಡ್ಯಾಗರ್‌ಬೋರ್ಡ್ ಸೀಳಿನ ಒಳಗೋಡೆಯ ಮೇಲೆ ಎಳೆಯಾಗಿ ಇಳಿಯಿತು. ಬೋರ್ಡನ್ನು ಪಕ್ಕಕ್ಕೆ ತಳ್ಳಿದಾಗ ಆ ಎಳೆ ದಪ್ಪವಾಯಿತು. ಆದರೆ ಸ್ವಲ್ಪ ಹೊತ್ತಿನ ನಂತರ ಸೀಳಿನಿಂದ ಸುಮಾರು ಒಂದು ಗೇಣು ದೂರದಲ್ಲಿ, ತಳದ ನಡುಸಂದಿನ ಪಟ್ಟಿ ಎದ್ದಿರುವ ಕಡೆಯೂ ಬಣ್ಣದ ಹನಿ ಕೂಡತೊಡಗಿತು. ಅಲ್ಲಿ ಪಟ್ಟಿಯನ್ನು ಉಗುರಿನಿಂದ ಎತ್ತಿದಾಗ ಕೆಳಗಿನ ಮರ ಕಪ್ಪಾಗಿತ್ತು, ತಾಮ್ರದ ತಂತಿಯ ಕೊನೆಯೊಂದು ಹಸಿರು ಪುಡಿ ಕಟ್ಟಿಕೊಂಡು ಕಾಣಿಸಿತು. ಸಣ್ಣ ಚೂಪುಗತ್ತಿ ಚುಚ್ಚಿದರೆ ಮರ ಗಟ್ಟಿಯಾಗಿಯೇ ಇದೆ.

ತೇಲುಪೆಟ್ಟಿಗೆಯಲ್ಲಿ ಕೂವೆಯನ್ನು ಬದಿಯಿಂದ ಹಿಡಿಯುವ ಶ್ರೌಡ್ ತಂತಿಯ ಪಟ್ಟಿಯ ತಿರುಪುಗಳ ಸುತ್ತ ದೊಡ್ಡ ಗುಳ್ಳೆಗಳು, ಮುಚ್ಚಳದ ಚೌಕಟ್ಟಿನ ಸುತ್ತ ಸಣ್ಣ ನೊರೆ. ಬೇರೆಲ್ಲೂ ಇಲ್ಲ. ಹಾಗಾದರೆ ನಡುಸಂದು ಬೇರೆಯದೇ ಸೋರಿಕೆಯೆ?

ಉತ್ತರ

ಬೇರೆಯದಲ್ಲ ಎಂದೇ ನನ್ನ ಅಂದಾಜು. ಮಿರರ್ ದೋಣಿಯನ್ನು ಬ್ಯಾರಿ ಬಕ್ನೆಲ್ ಮತ್ತು ಜ್ಯಾಕ್ ಹಾಲ್ಟ್ 1960ರ ದಶಕದ ಆರಂಭದಲ್ಲಿ ರೂಪಿಸಿದ್ದೇ ಮನೆಯಲ್ಲಿ ಕೂತು ಕಟ್ಟಿಕೊಳ್ಳಲಿ ಎಂದು. ಪ್ಲೈವುಡ್ ಹಾಳೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳ ಮೇಲೆ ಗ್ಲಾಸ್ ಪಟ್ಟಿಯನ್ನು ರೆಸಿನ್ನಿನಿಂದ ಅಂಟಿಸುವ ವಿಧಾನ ಅದು. ಇಂಥ ದೋಣಿಯಲ್ಲಿ ಡ್ಯಾಗರ್‌ಬೋರ್ಡ್ ಏರಿಳಿದು ಸೀಳಿನ ಒಳಗಿನ ವಾರ್ನಿಶ್ ಸವೆದರೆ, ಪ್ಲೈವುಡ್ಡಿನ ಪದರಗಳ ಅಂಚು ಬೆತ್ತಲಾಗುತ್ತದೆ. ನೀರು ಆ ಅಂಚಿನಿಂದ ಹೊಕ್ಕು ಪದರಗಳ ನಡುವೆ, ಇಲ್ಲವೆ ಸಡಿಲಗೊಂಡ ಪಟ್ಟಿಯ ಅಡಿಯಲ್ಲಿ ಹರಿದು, ಹೊಕ್ಕ ಕಡೆಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಮುಖ ತೋರಿಸುತ್ತದೆ. ತಂತಿಯ ಹಸಿರು ಪುಡಿ ಅದಕ್ಕೆ ಸಾಕ್ಷಿ. ಬಹುಕಾಲದಿಂದ ಅಲ್ಲಿ ತೇವವಿದೆ. ಮರ ಗಟ್ಟಿಯಾಗಿರುವುದು ನಿಮ್ಮ ಅದೃಷ್ಟ. ಅಕಸ್ಮಾತ್ ಮೆತ್ತಗಾದ ತುಂಡು ಸಿಕ್ಕರೆ ಅದಕ್ಕೆ ತೆಳು ಎಪಾಕ್ಸಿ (ಹಾರ್ಡನರ್ ಬೆರೆಸಿದಾಗ ಗಟ್ಟಿಯಾಗುವ ಅಂಟುರೆಸಿನ್) ಕುಡಿಸಿ ಗಟ್ಟಿ ಮಾಡಲು ಹೋಗದೆ, ಒಳ್ಳೆಯ ಮರ ಸಿಗುವವರೆಗೆ ಕತ್ತರಿಸಿ, ದಪ್ಪದ ಎಂಟು ಪಟ್ಟು ಉದ್ದದ ಓರೆ ಕೊಟ್ಟು ಹೊಸ ತುಂಡು ಕೂಡಿಸಬೇಕು.

ಈಗ ಕ್ರಮ. ಮೊದಲು ಸಿಲಿಕೋನ್ ಹೋಗಬೇಕು, ಅದೂ ಚಾಕು ಮತ್ತು ಉಳಿಯಿಂದ. ಅದು ಪೂರ್ತಿ ಹೋಗುವ ಮೊದಲು ಸ್ಯಾಂಡ್‌ಪೇಪರ್ ಹಿಡಿದರೆ ಅದರ ಜಿಡ್ಡು ಸುತ್ತಲಿನ ಮರಕ್ಕೂ ಹರಡಿ, ಆ ಮೇಲೆ ಬಳಿದ ಎಪಾಕ್ಸಿ ಅಲ್ಲಿ ನಿಲ್ಲದೆ ಕಣ್ಣುಕಣ್ಣಾಗಿ ಹಿಂದೆ ಸರಿಯುತ್ತದೆ. ನಂತರ ಗೂಡಿನ ಬುಡದ ಮತ್ತು ನಡುಸಂದಿನ ಎದ್ದ ಪಟ್ಟಿಯನ್ನು ಹೀಟ್‌ಗನ್ನಿನಿಂದ ಬಿಸಿಮಾಡುತ್ತ ಕೆರೆಗತ್ತಿಯಿಂದ ಎತ್ತಿ. ಗಟ್ಟಿಯಾಗಿ ಅಂಟಿರುವ ಕಡೆ ನಿಲ್ಲಿಸಿಬಿಡಿ. ಹಿಡಿದಿರುವುದನ್ನು ಕಿತ್ತು ತೆಗೆಯುವುದರಲ್ಲಿ ಲಾಭವಿಲ್ಲ.

ಆಮೇಲಿನ ಹಂತವೇ ಜನ ಸಾಮಾನ್ಯವಾಗಿ ತಾಳ್ಮೆ ಕಳೆದುಕೊಳ್ಳುವುದು: ಒಣಗಿಸುವುದು. ಮರದ ತೇವಾಂಶ ಶೇಕಡ 12ಕ್ಕಿಂತ ಕೆಳಗೆ ಬರುವವರೆಗೆ ಎಪಾಕ್ಸಿ ಹಾಕಬಾರದು. ತೇವಮಾಪಕ ಇಲ್ಲದಿದ್ದರೆ ಒಡಲನ್ನು ತೂಗುತ್ತ ಹೋಗಿ. ಮನೆಯ ತೂಕದ ಯಂತ್ರದ ಮೇಲೆ ಒಂದು ತುದಿ, ನಂತರ ಇನ್ನೊಂದು ತುದಿ ಇಟ್ಟು ಎರಡನ್ನೂ ಕೂಡಿದರೆ ಆಯಿತು. ದೋಣಿ ಪ್ರತಿ ಸಲವೂ ಮಟ್ಟವಾಗಿ, ಅದೇ ಜಾಗಗಳಲ್ಲಿ ಆನಿಕೊಂಡಿರಲಿ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಎಲ್ಲ ಮುಚ್ಚಳಗಳನ್ನು ತೆರೆದಿಟ್ಟು ಒಣಗಿಸಿ. ತೂಕ ಇಳಿಯುವುದು ನಿಂತಾಗ ಮುಂದಿನ ಕೆಲಸ.

80 ಗ್ರಿಟ್ ಸ್ಯಾಂಡ್‌ಪೇಪರಿನಿಂದ ಮರವನ್ನೂ ಉಳಿದ ಹಳೆಯ ಪಟ್ಟಿಯ ಅಂಚನ್ನೂ ಉಜ್ಜಿ, ಧೂಳು ತೆಗೆಯಿರಿ. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಬೇಕೇ ಬೇಕು. ಎಪಾಕ್ಸಿಯ ಅಲರ್ಜಿ ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ. ಮೊದಲು ಏನೂ ಬೆರೆಸದ ಎಪಾಕ್ಸಿಯನ್ನು ಮರ ಕುಡಿಯುವಷ್ಟು ಬಳಿಯಿರಿ. ಇದನ್ನು ಸಂಜೆಯ ಹೊತ್ತು, ತಾಪ ಇಳಿಯುವಾಗ ಮಾಡುವುದು ಒಳ್ಳೆಯದು. ಬೆಳಿಗ್ಗೆ ಮಾಡಿದರೆ ಮರದೊಳಗಿನ ಗಾಳಿ ಕಾದು ಹಿಗ್ಗಿ ಎಪಾಕ್ಸಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಸಂಜೆ ಕುಗ್ಗುವ ಗಾಳಿ ಎಪಾಕ್ಸಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ನಿಮ್ಮ ತೇಲುಪೆಟ್ಟಿಗೆಯನ್ನು ಕಾಡಿದ ಗುಣವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ಪದರ ಇನ್ನೂ ಅಂಟಂಟಾಗಿರುವಾಗಲೇ ಸಿಲಿಕಾ ಮತ್ತು ಮರದ ಹಿಟ್ಟು ಬೆರೆಸಿ ಗಟ್ಟಿಯಾದ ಎಪಾಕ್ಸಿಯನ್ನು ಮೂಲೆಗೆ ತುಂಬಿ, ಹೆಬ್ಬೆರಳಿನಷ್ಟು ದುಂಡಾದ ಕಡ್ಡಿಯಿಂದ ಒಳಬಾಗಿಸಿ. ಅದರ ಮೇಲೆ ನೇಯ್ದ ಗ್ಲಾಸ್ ಪಟ್ಟಿಯ ಎರಡು ಪದರ, ಒಂದು 50 ಮಿಲಿಮೀಟರ್, ಇನ್ನೊಂದು 75, ಅಂಚುಗಳು ಒಂದರ ಮೇಲೊಂದು ನಿಲ್ಲದಂತೆ. ನೀವು ಕೇಳಿದ ಮ್ಯಾಟ್ ಇಲ್ಲಿಗೆ ಹೊಂದುವುದಿಲ್ಲ. ಸಾಮಾನ್ಯ ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ. ಎಪಾಕ್ಸಿಯಲ್ಲಿ ಅದು ಕರಗದೆ ಮ್ಯಾಟ್ ಬಿರುಸಾಗಿಯೇ ಉಳಿಯುತ್ತದೆ.

ಸೀಳಿನ ಒಳಗೋಡೆಗೆ ಕೈ ಹೋಗುವುದಿಲ್ಲ. ತೆಳುವಾದ ಉದ್ದ ಪಟ್ಟಿಗೆ ಮೊದಲು ಸ್ಯಾಂಡ್‌ಪೇಪರ್ ಅಂಟಿಸಿ ಉಜ್ಜಿ, ನಂತರ ಬಟ್ಟೆ ಸುತ್ತಿ ಎಪಾಕ್ಸಿಯಲ್ಲಿ ಅದ್ದಿ ಎರಡು ಮೂರು ಸಲ ಬಳಿಯಿರಿ. ಬೆತ್ತಲಾದ ಪದರದಂಚು ಹೊಳೆಯುವಷ್ಟು ತುಂಬಬೇಕು. ಅಡ್ಡಹಲಗೆಯ ಜೋಡಣೆಯನ್ನೂ ಇದೇ ಸುತ್ತಿನಲ್ಲಿ ಬಿಗಿ ಮಾಡದಿದ್ದರೆ ಹೊಸ ಸಂದೂ ಹಳೆಯದರ ಹಾದಿ ಹಿಡಿಯುತ್ತದೆ.

ಶ್ರೌಡ್ ಪಟ್ಟಿಯ ತಿರುಪುಗಳನ್ನು ಬಿಚ್ಚಿ, ತೂತುಗಳನ್ನು ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದು ಬಲಿತ ಮೇಲೆ ಅದರ ನಡುವೆ ಸರಿಯಳತೆಯ ಹೊಸ ತೂತು ಕೊರೆಯಿರಿ. ಆಮೇಲೆ ನೀರು ಹೊಕ್ಕರೂ ಅದಕ್ಕೆ ಮರ ಸಿಗುವುದಿಲ್ಲ. ತೂತಿನ ಬಾಯನ್ನು ತುಸು ಅಗಲಿಸಿ ಪಾಲಿಯುರೆಥೇನ್ ಸೀಲಂಟ್ ಹಾಕಿ, ಮೊದಲು ಅರ್ಧ ಬಿಗಿ ಮಾಡಿ, ಸೀಲಂಟ್ ಗಟ್ಟಿಯಾದ ಮೇಲೆ ಪೂರ್ತಿ ಬಿಗಿ ಮಾಡಿದರೆ ಅಲ್ಲೊಂದು ರಬ್ಬರ್ ಬಳೆ ತಾನಾಗಿ ಮೂಡುತ್ತದೆ. ಒಮ್ಮೆಗೇ ಬಿಗಿದರೆ ಸೀಲಂಟೆಲ್ಲ ಹೊರಗೆ ಹಿಂಡಿಹೋಗುತ್ತದೆ.

ಮತ್ತೊಬ್ಬರು

ಮೇಲಿನ ಸಲಹೆಗೆ ಎರಡು ಮಾತು ಸೇರಿಸುತ್ತೇನೆ. ಎಪಾಕ್ಸಿ ಬಲಿತ ಮೇಲೆ ಅದರ ಮೇಲ್ಮೈಯಲ್ಲಿ ಮೇಣದಂಥ ಪದರ ಕೂಡುವುದುಂಟು. ಅದು ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಬರಿಯ ನೀರು ಮತ್ತು ಒರಟು ಪ್ಯಾಡಿನಿಂದ ತೊಳೆದು ಒರೆಸಿ, ಆಮೇಲೆ ಉಜ್ಜಬೇಕು. ಈ ಕ್ರಮ ತಪ್ಪಿದರೆ ಬಣ್ಣ ಹಿಡಿಯುವುದಿಲ್ಲ. ಬಣ್ಣವನ್ನಂತೂ ಬಿಡುವಂತಿಲ್ಲ, ಏಕೆಂದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಎಪಾಕ್ಸಿ ಸೀಳುತ್ತದೆ. ಬೇಗ ಗಟ್ಟಿಯಾಗಲೆಂದು ಹಾರ್ಡನರನ್ನು ಹೆಚ್ಚು ಸುರಿಯುವವರಿದ್ದಾರೆ; ಅದು ಪಾಲಿಯೆಸ್ಟರಿನ ಅಭ್ಯಾಸ. ಎಪಾಕ್ಸಿಗೆ ಡಬ್ಬಿಯ ಮೇಲಿನ ಅನುಪಾತವೇ ಅಂತಿಮ, ಇಲ್ಲದಿದ್ದರೆ ಅದು ಎಂದೂ ಪೂರ್ತಿ ಬಲಿಯುವುದಿಲ್ಲ.

ಮುಚ್ಚಳದ ಚೌಕಟ್ಟಿನ ನೊರೆಯ ಬಗ್ಗೆ: ಚೌಕಟ್ಟನ್ನು ಬಿಚ್ಚಿ, ಕೆಳಗಿನ ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೆ ಎಪಾಕ್ಸಿ ಕುಡಿಸಿ, ಹೊಸ ಸೀಲಂಟಿನ ಮೇಲೆ ಕೂರಿಸಿ. ಚೌಕಟ್ಟಿಗೂ ಮುಚ್ಚಳಕ್ಕೂ ನಡುವಿನ ರಬ್ಬರ್ ಬಳೆಗೆ ಸೀಲಂಟ್ ಬೇಡ, ಹೊಸ ಬಳೆಯೇ ಬೇಕು. ಇಷ್ಟಾದ ಮೇಲೆ ಸೋಪಿನ ಪರೀಕ್ಷೆಯನ್ನು ಬಣ್ಣ ಬಳಿಯುವ ಮೊದಲೇ ಮತ್ತೊಮ್ಮೆ ಮಾಡಿ. ದೋಣಿ ದಡದಲ್ಲಿರುವಾಗ ಮುಚ್ಚಳಗಳು ಯಾವಾಗಲೂ ತೆರೆದೇ ಇರಲಿ, ನೀರಿಗಿಳಿಸಿ ಪೆಟ್ಟಿಗೆ ತಣ್ಣಗಾದ ನಂತರ ಮುಚ್ಚಿ.