ಮ್ಯಾಮತ್ ದಂತದ ಕೃಷ್ಣ ಬೇಡ, ಚಿಕ್ಕಪ್ಪ

ಚಿಕ್ಕಪ್ಪ, ಕ್ಯಾತ್ಸಂದ್ರ: ಈ ಕೃಷ್ಣನ ಫೋಟೋ ನೋಡಿ. ಮ್ಯಾಮತ್ ಅಂತ ಹಿಂದೆ ಇದ್ದ ಆನೆಯಂಥ ಪ್ರಾಣಿಯ ದಂತದ್ದಂತೆ. ಸೈಬೀರಿಯಾದ ಹಿಮದಡಿ ಸಾವಿರಾರು ವರ್ಷ ಹೂತಿದ್ದ ದಂತ. ಆ ಪ್ರಾಣಿಯೇ ಈಗಿಲ್ಲ, ಹಾಗಾಗಿ ಕಾನೂನಿನ ತೊಂದರೆ ಇಲ್ಲ ಅಂತ ಮಾರುವವರು ಬರೆದಿದ್ದಾರೆ. ಗೃಹಪ್ರವೇಶಕ್ಕೆ ಎಲ್ಲರೂ ಸೇರಿ ಕೊಡೋಣವಾ?

ಅತ್ತೆ: ಮುಖ ಎಷ್ಟು ಲಕ್ಷಣವಾಗಿದೆ! ನನ್ನದೂ ಪಾಲು ಇರಲಿ.

ನಾನು: ದಯವಿಟ್ಟು ದುಡ್ಡು ಕಳಿಸಬೇಡಿ ಚಿಕ್ಕಪ್ಪ. ಈ ವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಸೋತಿದೆ. 2003ರ ಬಲರಾಮ್ ಕುಮಾವತ್ ಪ್ರಕರಣ. ಮ್ಯಾಮತ್ ಅಳಿದ ಪ್ರಾಣಿ, ಅದು ಆನೆಯಲ್ಲ ಅಂತಲೇ ಪ್ರಕರಣ ಹಾಕಿದವರೂ ವಾದ ಮಾಡಿದ್ದರು. ಯಾವ ಬಗೆಯ ದಂತವಾದರೂ ವ್ಯಾಪಾರ ಮಾಡುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು.

ಚಿಕ್ಕಪ್ಪ: ಯಾವತ್ತೋ ಸತ್ತ ಪ್ರಾಣಿಗೆ ಯಾಕಮ್ಮ ರಕ್ಷಣೆ? ಜನ ಅದನ್ನು ಕೊಂಡರೆ ನಮ್ಮ ಆನೆಗಳೇ ಉಳಿಯುತ್ತವೆ ಅಲ್ವಾ?

ನಾನು: ರಕ್ಷಣೆ ಬದುಕಿರುವ ಆನೆಗೇ ಚಿಕ್ಕಪ್ಪ. ಕೆತ್ತಿ ಪಾಲಿಶ್ ಮಾಡಿದ ಮೇಲೆ ಯಾವುದು ಯಾವುದರ ದಂತ ಅಂತ ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಅಡ್ಡ ಕೊಯ್ದ ಕಡೆ ಸಣ್ಣ ಗೆರೆಗಳು ಒಂದನ್ನೊಂದು ದಾಟುತ್ತವೆ. ಆ ಕೋನ ಮ್ಯಾಮತ್‌ನಲ್ಲಿ ಸಾಮಾನ್ಯವಾಗಿ 90 ಡಿಗ್ರಿಗಿಂತ ಕಡಿಮೆ, ಆನೆಯಲ್ಲಿ 115ಕ್ಕಿಂತ ಜಾಸ್ತಿ. ಇಷ್ಟು ಚಿಕ್ಕ ವಿಗ್ರಹದಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ? ಮ್ಯಾಮತ್‌ಗೆ ಅನುಮತಿ ಕೊಟ್ಟರೆ ನಮ್ಮ ಕಾಡಿನಲ್ಲಿ ಕೊಂದ ಆನೆಯ ದಂತವೂ ಅದೇ ಹೆಸರಲ್ಲಿ ಅಂಗಡಿಗೆ ಬರುತ್ತದೆ. ನಮ್ಮ ಕಡೆ ಉದ್ದ ದಂತ ಇರುವುದು ಗಂಡಾನೆಗೆ ಮಾತ್ರ. ವೀರಪ್ಪನ್ ಕಾಲದಲ್ಲಿ ಎಷ್ಟು ಸಲಗಗಳು ಸತ್ತವು ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಭಾವ: 2023ರಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿಕೊಂಡವರ ಪಾಡು ನೆನಪಿದೆ ತಾನೇ? ಸುಮ್ನೆ ಬಿಡಿ ಮಾವ.

ಅತ್ತೆ: ಹಾಗಾದರೆ ಅಮ್ಮನ ದಂತದ ಕುಂಕುಮ ಭರಣಿ ಏನು ಮಾಡುವುದು?

ನಾನು: ಮಾರುವ ಹಾಗಂತೂ ಇಲ್ಲ ಅತ್ತೆ, ಅರಣ್ಯ ಇಲಾಖೆ ಕೊಟ್ಟ ಮಾಲೀಕತ್ವದ ಸರ್ಟಿಫಿಕೇಟ್ ಇದ್ದರೂ ಇಲ್ಲ. ನಮ್ಮ ದೇಶದ ದಂತದ ವ್ಯಾಪಾರ 1986ರಲ್ಲಿ ನಿಂತಿತು, ಆಫ್ರಿಕಾದ್ದು 1991ರಲ್ಲಿ. ಸರ್ಟಿಫಿಕೇಟ್ ಇರುವ ವಸ್ತು ಹಿರಿಯರಿಂದ ಬಂದರೆ 90 ದಿನದೊಳಗೆ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ಅಜ್ಜಿ ಹೆಸರಲ್ಲಿ ಕಾಗದ ಇದೆಯಾ ಅಂತ ಮೊದಲು ಬೀರು ನೋಡಿ. ಇಲ್ಲದಿದ್ದರೆ ಒಬ್ಬ ವಕೀಲರನ್ನು ಕೇಳೋಣ.

ಅತ್ತೆ: ಇವತ್ತೇ ಹುಡುಕುತ್ತೇನೆ.

ಚಿಕ್ಕಪ್ಪ: ಫೋಟೋ ಅಳಿಸಿದ್ದೇನೆ. ಆದರೆ ಮಣ್ಣಲ್ಲಿ ಸಿಕ್ಕಿದ್ದಕ್ಕೂ ಕೊಂದು ತಂದಿದ್ದಕ್ಕೂ ಒಂದೇ ಕಾನೂನು ಅನ್ನುವುದನ್ನು ನಾನು ಒಪ್ಪಲ್ಲ. ಭಾನುವಾರ ಮನೆಗೆ ಬಾ, ಕೂತು ಮಾತಾಡೋಣ.

ನಾನು: ಬರುತ್ತೇನೆ, ತೀರ್ಪಿನ ಪ್ರತಿ ತರುತ್ತೇನೆ. ಉಡುಗೊರೆಗೆ ಮೈಸೂರಿನ ಬೀಟೆ ಮರದ ಕುಸುರಿ ಫಲಕ ನೋಡಿಡಿ. ದಂತ ಕೂರಿಸುತ್ತಿದ್ದ ಜಾಗಕ್ಕೆ ಈಗ ಪ್ಲಾಸ್ಟಿಕ್ ಬಂದಿದೆ, ಆದರೂ ಕೆಲಸ ಬಹಳ ಚೆಂದ.